ನಾನು ಹೇಳಬೇಕೆಂದಿದ್ದ ಮಾತು ಅದಲ್ಲ

ಆಟದ ಅಂಕಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಹಳೆಯ ರೋಲ್ ಪ್ಲೇಯಿಂಗ್ ಆಟಗಳ (ಆಟಗಾರ ಒಂದು ಪಾತ್ರವಾಗಿ ಕಥೆಯೊಳಗೆ ನಡೆಯುವ ವಿಡಿಯೋ ಗೇಮ್‌ಗಳ) ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ತಂದಿವೆ: ಆಟದೊಳಗೆ ಮಾತಾಡುವ ಸ್ವಾತಂತ್ರ್ಯ ಕಡಿಮೆಯಾಗುತ್ತಿದೆ. ಪತ್ರಿಕೆಯ ಕರಡು ತಿದ್ದುತ್ತಾ ದಿನವಿಡೀ ಇನ್ನೊಬ್ಬರ ವಾಕ್ಯಗಳ ನಡುವೆ ಇರುವ ನನಗೆ ಇದು ಹೃದಯಕ್ಕೆ ಹತ್ತಿರದ ವಿಷಯ. ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ) ಬೆಲೆ, ಕಂಟ್ರೋಲರ್ ರಿಪೇರಿ ಕುರಿತ ಪ್ರಶ್ನೆಗಳನ್ನು ಮುಂದಿನ ಬಾರಿಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ಎಕ್ಸ್‌ಬಾಕ್ಸ್‌ನಲ್ಲಿ ಫಾಲ್‌ಔಟ್ 4 ಆಡುತ್ತಿದ್ದೇನೆ. ಯಾರನ್ನೇ ಮಾತಾಡಿಸಿದರೂ ನಾಲ್ಕು ಗುಂಡಿ, ನಾಲ್ಕು ತುಂಡು ಪದ. ಒಂದರ ಮೇಲೆ ‘ಸಾರ್ಕ್ಯಾಸ್ಟಿಕ್’ ಎಂದಷ್ಟೇ ಇರುತ್ತದೆ. ಒತ್ತಿದ ಮೇಲೆ ನನ್ನ ಪಾತ್ರ ಆಡುವ ಮಾತು ನಾನು ಮನಸ್ಸಿನಲ್ಲಿ ಎಣಿಸಿದ್ದಲ್ಲ. ಬೇಸರವಾಗಿ ಹಿಂದಿನ ಸೇವ್‌ನಿಂದ ಮತ್ತೆ ಶುರು ಮಾಡುತ್ತೇನೆ. ಕನ್ಸೋಲಿಗಾಗಿ ಮಾಡಿದ್ದರಿಂದಲೇ ಹೀಗಾಯಿತು ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
— ಓದುಗ, ಕೊಡಿಯಾಲ್‌ಬೈಲ್, ಮಂಗಳೂರು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಗೆಳೆಯರ ಮಾತು ಮಾತ್ರ ಅರ್ಧ ಸರಿ.

2015ರ ನವೆಂಬರಿನಲ್ಲಿ ಬಂದ ಈ ಆಟದಲ್ಲಿ ಮಾತಿನ ಆಯ್ಕೆ ಒಮ್ಮೆಗೆ ನಾಲ್ಕನ್ನು ದಾಟುವುದಿಲ್ಲ. ಕಂಟ್ರೋಲರಿನ ಬಲಗಡೆ ಇರುವ ಗುಂಡಿಗಳೂ ನಾಲ್ಕು. ಸಾಮಾನ್ಯವಾಗಿ ಕೆಳಗಿನದು ಒಪ್ಪಿಗೆ, ಬಲದ್ದು ನಿರಾಕರಣೆ, ಮೇಲಿನದು ಪ್ರಶ್ನೆ, ಎಡದ್ದು ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಮಾತು ಇಲ್ಲವೇ ಕೊಂಕು. ಕಂಪ್ಯೂಟರಿನಲ್ಲಿ ಆಡಿದವರಿಗೂ ಸಿಕ್ಕಿದ್ದು ಇದೇ ನಾಲ್ಕು. ಕೀಲಿಮಣೆಯಲ್ಲಿ ನೂರು ಗುಂಡಿಗಳಿದ್ದೂ ಅವರಿಗೆ ಐದನೆಯ ಮಾತು ದಕ್ಕಲಿಲ್ಲ. ಇಷ್ಟರ ಮಟ್ಟಿಗೆ ಗೆಳೆಯರು ಹೇಳಿದ್ದು ಹೌದು.

ಆದರೆ ಮುಂದೆ ನಡೆದದ್ದನ್ನು ನೋಡಿ. ಆಟ ಬಂದ ಹೊಸತರಲ್ಲೇ ಕಂಪ್ಯೂಟರ್ ಆಟಗಾರರು ಒಂದು ಮಾಡ್ (ಆಟಗಾರರೇ ಆಟಕ್ಕೆ ಮಾಡಿಕೊಳ್ಳುವ ಮಾರ್ಪಾಡು) ತಯಾರಿಸಿಕೊಂಡರು. ತುಂಡು ಪದಗಳಿದ್ದ ಜಾಗದಲ್ಲಿ ಪಾತ್ರ ಆಡಲಿರುವ ಇಡೀ ವಾಕ್ಯವನ್ನೇ ಅದು ತೋರಿಸುತ್ತಿತ್ತು. ಆಯ್ಕೆಗಳು ಹೆಚ್ಚಲಿಲ್ಲ, ಕಥೆಯ ಒಂದು ಎಳೆಯೂ ಬದಲಾಗಲಿಲ್ಲ. ಆದರೂ ಆ ಮಾಡ್ ಬಹಳ ಜನಪ್ರಿಯವಾಯಿತು. ಜನರನ್ನು ನೋಯಿಸಿದ್ದು ನಾಲ್ಕು ಎಂಬ ಸಂಖ್ಯೆಗಿಂತ ಹೆಚ್ಚಾಗಿ ಮುಚ್ಚಿಟ್ಟ ಮಾತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಾಗಿಲ್ಲ.

ಇನ್ನು ಕನ್ಸೋಲ್. 2003ರಲ್ಲಿ ಮೊದಲ ಎಕ್ಸ್‌ಬಾಕ್ಸಿಗೆ ಬಂದ ನೈಟ್ಸ್ ಆಫ್ ದ ಓಲ್ಡ್ ರಿಪಬ್ಲಿಕ್ ಆಟದಲ್ಲಿ ಪೂರ್ತಿ ವಾಕ್ಯಗಳ ಪಟ್ಟಿಯೇ ಇತ್ತು. ಹೆಬ್ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಆರಿಸಿಕೊಳ್ಳಬೇಕು, ಅಷ್ಟೇ. 2010ರಲ್ಲಿ ಬಂದ ಫಾಲ್‌ಔಟ್: ನ್ಯೂ ವೇಗಸ್ ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3 ಎರಡರಲ್ಲೂ ಹಾಗೆಯೇ ನಡೆಯಿತು. ಅದೇ ಸರಣಿ, ಅದೇ ಬಗೆಯ ಕಂಟ್ರೋಲರ್, ನಡುವೆ ಐದು ವರ್ಷ. ಬದಲಾದದ್ದು ಗುಂಡಿಯಲ್ಲ.

ನ್ಯೂ ವೇಗಸ್‌ನ ಒಂದೇ ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಆಟ ಶುರುವಾಗುವುದು ಗುಡ್‌ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿ. ಪೌಡರ್ ಗ್ಯಾಂಗರ್ ಎಂಬ ಪುಂಡರ ತಂಡ ಆ ಊರಿನ ಮೇಲೆ ಬೀಳಲಿದೆ, ಊರವರನ್ನು ಒಗ್ಗೂಡಿಸುವ ಕೆಲಸ ನಿಮ್ಮದು. ಅಲ್ಲಿ ಈಸಿ ಪೀಟ್ ಎಂಬ ಮುದುಕನಿದ್ದಾನೆ, ಅವನ ಬಳಿ ಡೈನಮೈಟ್ ಇದೆ. ನಿಮಗೆ ಸ್ಫೋಟಕಗಳ ಜ್ಞಾನ 25 ಅಂಕದಷ್ಟು ಇದ್ದರೆ, ವಿಷಯ ಬಲ್ಲವರಂತೆ ಮಾತಾಡಿ ಅವನನ್ನು ಒಪ್ಪಿಸಬಹುದು. ಅಂಕ ಕಡಿಮೆಯಿದ್ದರೂ ಆ ಆಯ್ಕೆ ಪರದೆಯಿಂದ ಮಾಯವಾಗುವುದಿಲ್ಲ. ಅಲ್ಲೇ ಇರುತ್ತದೆ, ಪಕ್ಕದಲ್ಲಿ ನಿಮ್ಮ ಅಂಕ, ಬೇಕಾದ ಅಂಕ ಎರಡೂ ಇರುತ್ತವೆ, ವಾಕ್ಯ ಮಾತ್ರ ಬದಲಾಗಿರುತ್ತದೆ. ಏನೂ ಗೊತ್ತಿಲ್ಲದವರು ಗೊತ್ತಿದ್ದಂತೆ ಆಡುವ ಮಾತದು. ಓದಿದ ಕೂಡಲೇ, ಇದನ್ನು ಆಡಿದರೆ ಮುದುಕ ಒಪ್ಪುವುದಿಲ್ಲ ಎಂದು ನಿಮಗೆ ಗೊತ್ತಾಗುತ್ತದೆ. ಆಡುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಅಂಗಡಿಯವನ ಬಳಿ ವ್ಯಾಪಾರದ ಜಾಣ್ಮೆ, ವೈದ್ಯನ ಬಳಿ ಔಷಧದ ತಿಳಿವು, ಹೀಗೆ ಒಬ್ಬೊಬ್ಬರನ್ನು ಒಪ್ಪಿಸಲು ಒಂದೊಂದು ದಾರಿ. ಒಂದು ಊರಿನ ಒಂದು ಜಗಳದಲ್ಲೇ ನೀವು ಎಂಥವರು ಎಂಬುದು ನಿಮ್ಮ ಮಾತಿನಿಂದ ತೀರ್ಮಾನವಾಗುತ್ತದೆ. ಬರೆದವರು ಆಟಗಾರನನ್ನು ಎಷ್ಟು ಗೌರವಿಸಿದ್ದಾರೆ!

ಹಾಗಾದರೆ ನಡುವೆ ಏನಾಯಿತು? ಧ್ವನಿ ಬಂತು. ನ್ಯೂ ವೇಗಸ್‌ನಲ್ಲಿ ನಿಮ್ಮ ಪಾತ್ರಕ್ಕೆ ಕಂಠವಿಲ್ಲ. ಅದರ ಮಾತನ್ನು ನೀವು ಓದುತ್ತೀರಿ, ಎದುರಿನವರು ಉತ್ತರ ಕೊಡುತ್ತಾರೆ. ಫಾಲ್‌ಔಟ್ 4ರಲ್ಲಿ ನಾಯಕನಿಗೊಬ್ಬ ನಟ, ನಾಯಕಿಗೊಬ್ಬ ನಟಿ. ಇಬ್ಬರೂ ತಲಾ 13,000ಕ್ಕೂ ಹೆಚ್ಚು ಸಾಲುಗಳಿಗೆ ಧ್ವನಿ ಕೊಟ್ಟಿದ್ದಾರೆ ಎಂದು ತಯಾರಕರು ಆಟ ಬರುವ ಮೊದಲೇ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಧ್ವನಿ ಇದ್ದ ಮೇಲೆ ಎರಡು ತೊಡಕುಗಳು. ಪರದೆಯ ಮೇಲೆ ಪೂರ್ತಿ ಓದಿದ ವಾಕ್ಯವನ್ನೇ ಮರುಗಳಿಗೆಯಲ್ಲಿ ಕಿವಿಯಲ್ಲೂ ಕೇಳಬೇಕಾದರೆ ಬೇಸರವಾದೀತು ಎಂದು ತಯಾರಕರು ಅಂಜುತ್ತಾರೆ, ವಾಕ್ಯವನ್ನು ತುಂಡು ಪದವಾಗಿ ಕತ್ತರಿಸುತ್ತಾರೆ. ಎರಡನೆಯದು ಖರ್ಚು. ಬರೆದ ಸಾಲನ್ನು ಹೊಡೆದುಹಾಕಿ ಹೊಸದು ಬರೆಯಲು ಲೇಖಕನಿಗೆ ಒಂದು ಸಂಜೆ ಸಾಕು, ರೆಕಾರ್ಡ್ ಆದ ಸಾಲಿಗೆ ನಟರನ್ನು ಮತ್ತೆ ಸ್ಟುಡಿಯೋಗೆ ಕರೆಸಬೇಕು. ಡಬ್ ಆಗುವ ಒಂದೊಂದು ಭಾಷೆಯಲ್ಲೂ ಅದೇ ಖರ್ಚು. ಹೀಗಿರುವಾಗ ಹತ್ತು ಜನರಲ್ಲಿ ಒಬ್ಬನು ಮಾತ್ರ ಆರಿಸುವಂಥ ವಿಚಿತ್ರ, ಸೊಗಸಾದ, ಪೆದ್ದು ಉತ್ತರಗಳಿಗೆ ಹಣ ಹಾಕುವವರು ಯಾರು? ಮೊದಲು ಕತ್ತರಿ ಬೀಳುವುದು ಅವುಗಳಿಗೇ.

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ, ಮಳೆಗಾಲವಿಡೀ ನಮ್ಮ ಕಡೆ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನ) ಕೇಳುವವರಿಗೆ ಇದನ್ನು ವಿವರಿಸುವುದು ಸುಲಭ. ಭಾಗವತರು ಹಾಡುವ ಪದ್ಯ ನಾಲ್ಕು ಸಾಲಿನದು. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಪದ್ಯ ಯಾವ ಕೂಟದಲ್ಲಾದರೂ ಅದೇ. ಆದರೆ ಪದ್ಯಕ್ಕೆ ತನ್ನದೇ ಮಾತಿನಲ್ಲಿ ಅರ್ಥ ಹೇಳುವ ಒಬ್ಬ ಅರ್ಥಧಾರಿಯ ವಾಲಿ ಧರ್ಮಶಾಸ್ತ್ರ ಎತ್ತಿ ವಾದಿಸುತ್ತಾನೆ, ಇನ್ನೊಬ್ಬನ ವಾಲಿ ಮಗನನ್ನು ನೆನೆದು ಕರಗುತ್ತಾನೆ, ಮೂರನೆಯವನ ವಾಲಿ ರಾಮನನ್ನೇ ಮೂದಲಿಸುತ್ತಾನೆ. ಪದ್ಯ ಕವಿಯದು, ಅರ್ಥ ಅರ್ಥಧಾರಿಯದು. ರೋಲ್ ಪ್ಲೇಯಿಂಗ್ ಆಟದಲ್ಲಿ ನಾವು ಕೂರಬೇಕಾದದ್ದು ಅರ್ಥಧಾರಿಯ ಜಾಗದಲ್ಲಿ. ನಾಲ್ಕು ತುಂಡು ಪದಗಳ ಆಟ ಪದ್ಯವನ್ನು ತೋರಿಸಿ, ಇದರಲ್ಲಿ ಒಂದನ್ನು ಆರಿಸು ಎಂದು ನಮಗೆ ಹೇಳಿ, ಅರ್ಥ ಹೇಳಲು ಬೇರೆಯವರನ್ನು ಕೂರಿಸುತ್ತದೆ. ಆ ನಟ ಎಷ್ಟೇ ಚೆನ್ನಾಗಿ ಮಾತಾಡಲಿ, ಅದು ಅವನ ವಾಲಿ. ನಿಮಗೆ ‘ಇದು ನಾನಲ್ಲ’ ಅನ್ನಿಸುವುದು ಇದಕ್ಕೇ.

ಈ ವ್ಯವಸ್ಥೆ ಎಣಿಸಿದಷ್ಟು ಚೆನ್ನಾಗಿ ಕೂಡಿಬರಲಿಲ್ಲ ಎಂದು ಆಟದ ನಿರ್ದೇಶಕ ಟಾಡ್ ಹೋವರ್ಡ್ ಅವರೇ ಬಳಿಕ ಸಂದರ್ಶನವೊಂದರಲ್ಲಿ ಒಪ್ಪಿಕೊಂಡರು. 2018ರ ಫಾಲ್‌ಔಟ್ 76 ಬಂದಾಗ ಮಾತಾಡಿಸಲು ಮನುಷ್ಯ ಪಾತ್ರಗಳೇ ಇರಲಿಲ್ಲ. 2020ರಲ್ಲಿ ಮನುಷ್ಯರನ್ನು ತಂದು ಸೇರಿಸಿದಾಗ, ಪೂರ್ತಿ ವಾಕ್ಯದ ಆಯ್ಕೆಗಳೂ ಮರಳಿ ಬಂದವು. 2023ರ ಸ್ಟಾರ್‌ಫೀಲ್ಡ್‌ನಲ್ಲೂ ನಾಯಕನಿಗೆ ಕಂಠವಿಲ್ಲ, ವಾಕ್ಯ ಪೂರ್ತಿ ಇದೆ. ನಿಮ್ಮಂಥವರ ದೂರು ಗಾಳಿಗೆ ಹೋಗಿಲ್ಲ.

ನೀವು ಈಗ ಮಾಡಬಹುದಾದದ್ದು: ಎಕ್ಸ್‌ಬಾಕ್ಸ್‌ನ ಫಾಲ್‌ಔಟ್ 4ಕ್ಕೆ 2016ರಿಂದ ಮಾಡ್ ಸೌಲಭ್ಯ ಇದೆ. ಮುಖ್ಯ ಮೆನುವಿನಿಂದಲೇ ಹೋಗಿ ಸಂಭಾಷಣೆಗೆ ಸಂಬಂಧಿಸಿದ್ದನ್ನು ಹುಡುಕಿ ನೋಡಿ. ಮಾಡ್ ಹಾಕಿದರೆ ಅಚೀವ್‌ಮೆಂಟ್‌ಗಳು (ಆಟ ಕೊಡುವ ಸಾಧನೆಯ ಗುರುತುಗಳು) ಸಿಗುವುದಿಲ್ಲ, ಅದು ತಿಳಿದಿರಲಿ. ಇಲ್ಲವಾದರೆ ನ್ಯೂ ವೇಗಸ್ ನಿಮ್ಮ ಯಂತ್ರದಲ್ಲೇ ಓಡುತ್ತದೆ. ಬಂದೂಕು ಹಿಡಿಯುವಾಗ ಅದರ ವಯಸ್ಸು ಗೊತ್ತಾಗುತ್ತದೆ, ಮಾತಾಡುವಾಗ ಗೊತ್ತಾಗುವುದಿಲ್ಲ.

ಪ್ರಶ್ನೆ: ನನ್ನ ಮಗ ಎರಡನೇ ಪಿಯುಸಿ. ರಜೆಯಲ್ಲಿ ವಿಚರ್ 3 ಎಂಬ ಆಟ ಆಡುತ್ತಿದ್ದ. ಒಂದು ದಿನ ಊಟಕ್ಕೂ ಬಾರದೆ ಕೋಣೆಯಲ್ಲಿ ಕೂತಿದ್ದ. ಕೇಳಿದರೆ, “ಒಬ್ಬನನ್ನು ಪಕ್ಕಕ್ಕೆ ಸರಿಸೋಣ ಎಂದು ಆರಿಸಿದೆ ಅಮ್ಮ, ಅವನ ಕಾಲೇ ಮುರಿದುಹೋಯಿತು. ಈಗ ಕಥೆಯ ಒಂದು ಭಾಗವೇ ಸಿಗುವುದಿಲ್ಲವಂತೆ” ಎಂದ. ನನಗೆ ಅರ್ಥವಾಗಲಿಲ್ಲ. ಇಂಥದ್ದಕ್ಕೆ ಇಷ್ಟು ಬೇಸರ ಪಡುವುದು ಸರಿಯೇ?
— ಓದುಗರು, ಕಲ್ಸಂಕ, ಉಡುಪಿ

ಉತ್ತರ: ಅವನ ಬೇಸರಕ್ಕೆ ಕಾರಣವಿದೆ, ಅಮ್ಮ. ಆಟ ಆಡದವರಿಗೂ ತಿಳಿಯುವಂತೆ ಹೇಳುತ್ತೇನೆ.

ಅವನು ಹೇಳಿದ ವ್ಯಕ್ತಿಯ ಹೆಸರು ಡೈಕ್‌ಸ್ಟ್ರಾ. ಒಂದು ಕಾಲದಲ್ಲಿ ರಾಜ್ಯವೊಂದರ ಗೂಢಚಾರರ ಮುಖ್ಯಸ್ಥನಾಗಿದ್ದ ದೈತ್ಯ ದೇಹದ ಮನುಷ್ಯ. ಒಂದು ಕಡೆ ಅವನು ನಾಯಕ ಗೆರಾಲ್ಟನ ದಾರಿಗೆ ಅಡ್ಡ ನಿಲ್ಲುತ್ತಾನೆ. ಆಗ ಬರುವ ಆಯ್ಕೆಗಳಲ್ಲಿ ಒಂದು, ಅವನನ್ನು ಜೋರಾಗಿ ಪಕ್ಕಕ್ಕೆ ತಳ್ಳುವುದು. ಅದನ್ನು ಒತ್ತಿದರೆ ಗೆರಾಲ್ಟ್ ತಳ್ಳಿ ಸುಮ್ಮನಾಗುವುದಿಲ್ಲ, ಆ ಮನುಷ್ಯನ ಕಾಲನ್ನೇ ಮುರಿಯುತ್ತಾನೆ. ಅಲ್ಲಿಗೆ, ದೇಶದ ರಾಜನ ವಿರುದ್ಧ ಸಂಚು ಹೂಡುವ ಮುಂದಿನ ಒಂದು ದೊಡ್ಡ ಉಪಕಥೆ ಕೈತಪ್ಪುತ್ತದೆ. ಯುದ್ಧದಲ್ಲಿ ಯಾರು ಗೆಲ್ಲುತ್ತಾರೆ ಎಂಬುದೂ ಆ ಉಪಕಥೆಗೆ ಸೇರಿದ್ದು. ಇದೇ ಜಾಗದಲ್ಲಿ ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಆಟಗಾರರು ಹೌಹಾರಿದ್ದಾರೆ. ನಿಮ್ಮ ಮಗ ಒಬ್ಬನೇ ಅಲ್ಲ ಎಂದು ಅವನಿಗೆ ಹೇಳಿ.

ವಿಚರ್ 3ನ್ನು ನಾನು ಬಹಳ ಮೆಚ್ಚುತ್ತೇನೆ. ಗೆರಾಲ್ಟ್ ಆಟಗಾರ ಹೊಸದಾಗಿ ಕಟ್ಟಿಕೊಳ್ಳುವ ಪಾತ್ರವಲ್ಲ. ಮೊದಲೇ ರೂಪುಗೊಂಡ, ತನ್ನದೇ ಸಿಟ್ಟು ಸೆಡವುಗಳಿರುವ ಮನುಷ್ಯ. ಅವನ ಪರವಾಗಿ ನಾವು ದಿಕ್ಕು ತೋರಿಸುತ್ತೇವೆ, ಮಾತು ಅವನದು. ಹಾಗಾಗಿ ಚಿಕ್ಕ ಆಯ್ಕೆಗಳು ಅಲ್ಲಿ ಹೆಚ್ಚಿನ ಕಡೆ ಒಪ್ಪುತ್ತವೆ. ಆದರೆ ಒಬ್ಬನ ಕಾಲು ಮುರಿಯುವಂಥ ಕೃತ್ಯವನ್ನು ತಳ್ಳುವಿಕೆಯ ಹೆಸರಿನಲ್ಲಿ ಮುಚ್ಚಿಡಬಾರದಿತ್ತು. ಫಲ ಏನಾಗುತ್ತದೆ ಎಂಬುದು ಗುಟ್ಟಾಗಿರಲಿ, ಅದೇ ಕಥೆಯ ಸ್ವಾರಸ್ಯ. ನಾನು ಏನು ಮಾಡುತ್ತಿದ್ದೇನೆ ಎಂಬುದೇ ನನಗೆ ಗುಟ್ಟಾದರೆ ಆ ಕೃತ್ಯದ ಹೊಣೆಯನ್ನು ನಾನು ಹೊರುವುದು ಹೇಗೆ? ನಿಮ್ಮ ಮಗನಿಗೆ ನೋವಾದದ್ದು ಕಥೆ ತಪ್ಪಿತೆಂದು ಮಾತ್ರವಲ್ಲ, ತಾನು ಮಾಡದ ಕೆಲಸಕ್ಕೆ ತನ್ನ ಹೆಸರು ಬಿತ್ತೆಂದು ಕೂಡ. ಅದು ಒಳ್ಳೆಯ ಮನಸ್ಸಿನ ಲಕ್ಷಣ ಎಂದೇ ನಾನು ತಿಳಿಯುತ್ತೇನೆ.

ಒಂದು ಮಾತು ನಿಮಗೆ. ಈ ಆಟಕ್ಕೆ ಯುರೋಪಿನ ಪೆಗಿ ಸಂಸ್ಥೆ ಕೊಟ್ಟಿರುವ ವಯಸ್ಸಿನ ಗುರುತು 18. ಹಿಂಸೆ, ಬೆತ್ತಲೆ ದೃಶ್ಯ, ಕಟು ಮಾತು ಎಲ್ಲವೂ ಇವೆ. ಅವನಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲದಿದ್ದರೆ ಮನೆಯಲ್ಲಿ ಕೂತು ಮಾತಾಡಿ ನಿರ್ಧರಿಸಿ. ಆಡಬಹುದು ಎಂದು ನಿಮಗೆ ಅನ್ನಿಸಿದರೆ, ಒಂದು ಸಂಜೆ ಪಕ್ಕದಲ್ಲಿ ಕೂತು ಪ್ರತಿ ಆಯ್ಕೆಗೂ ಮೊದಲು “ನೀನು ಈಗ ಏನು ಹೇಳಬೇಕೆಂದಿದ್ದೀಯ?” ಎಂದು ಕೇಳಿ. ಅವನು ಕೊಡುವ ಉತ್ತರ ಪರದೆಯಲ್ಲಿರುವುದಕ್ಕಿಂತ ಚೆನ್ನಾಗಿರುವುದನ್ನು ನೀವೇ ಕಾಣುವಿರಿ.

ಪ್ರಶ್ನೆ: ನೀವು ಹಳೆಯದನ್ನೆಲ್ಲ ಹೊಗಳುತ್ತೀರಿ. ನಾನು ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಒಂದು ಗಂಟೆ ಆಡುವವಳು. ಆರು ಉದ್ದುದ್ದ ವಾಕ್ಯ ಓದಿ ಒಂದನ್ನು ಆರಿಸುವ ತ್ರಾಣ ನನಗಿರುವುದಿಲ್ಲ. ಮಾಸ್ ಎಫೆಕ್ಟ್‌ನ ಮಾತಿನ ಚಕ್ರ ನನಗೆ ಹಿತವಾಗಿದೆ. ಸರಳವಾದದ್ದೆಲ್ಲ ಕೀಳೇ?
— ಓದುಗಳು, ಮಣಿಪಾಲ

ಉತ್ತರ: ಖಂಡಿತ ಅಲ್ಲ. ನಿಮ್ಮ ಪತ್ರಕ್ಕೆ ವಿಶೇಷ ಧನ್ಯವಾದ, ಏಕೆಂದರೆ ಚಕ್ರದ ಪರವಾಗಿ ಹೇಳಬೇಕಾದದ್ದು ಬೇಕಾದಷ್ಟಿದೆ, ಹೇಳುವವರು ಕಡಿಮೆ.

2007ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ ಮಾಸ್ ಎಫೆಕ್ಟ್, ಆಯ್ಕೆಗಳನ್ನು ವೃತ್ತದ ಸುತ್ತ ಜೋಡಿಸಿದ ಈ ಚಕ್ರವನ್ನು ಮನೆಮಾತು ಮಾಡಿತು. ಬಲಗಡೆಯ ಆಯ್ಕೆಗಳು ಮಾತನ್ನು ಮುಂದಕ್ಕೊಯ್ಯುತ್ತವೆ, ಎಡಗಡೆಯದು ಇನ್ನಷ್ಟು ವಿಚಾರಿಸಲು. ಬಲ ಮೇಲ್ಗಡೆ ಸೌಜನ್ಯ, ಬಲ ಕೆಳಗಡೆ ಒರಟುತನ. ಇದರ ದೊಡ್ಡ ಸೊಗಸೆಂದರೆ ಎದುರಿನವನ ಮಾತು ಮುಗಿಯುವ ಮೊದಲೇ ನೀವು ಆರಿಸಿಡಬಹುದು, ಅವನು ನಿಲ್ಲಿಸಿದ ಕೂಡಲೇ ನೀವು ಆಡುವ ಪಾತ್ರವಾದ ಶೆಪರ್ಡ್ ಬಾಯಿ ತೆರೆಯುತ್ತಾರೆ. ಓದಲೆಂದು ಇಡೀ ಜಗತ್ತು ಕಾಯುತ್ತಾ ನಿಂತಿರುವ ಮೌನ ಅಲ್ಲಿಲ್ಲ. ಜೆನಿಫರ್ ಹೇಲ್ ಅವರ ಧ್ವನಿಯಲ್ಲಿ ಶೆಪರ್ಡ್ ಮಾತಾಡುವುದನ್ನು ಕೇಳಿದವರು, ನಾಯಕಿಗೆ ಕಂಠವೇ ಬೇಡ ಎಂದು ಹೇಳಲಾರರು. ನಾನೂ ಹೇಳುವುದಿಲ್ಲ.

ನನ್ನ ತಕರಾರು ಇರುವುದು ಹೆಬ್ಬೆರಳಿಗೆ ಆ ಜಾಗಗಳು ರೂಢಿಯಾಗಿಬಿಡುವುದರ ಬಗ್ಗೆ. ಮೇಲಿನದು ಯಾವಾಗಲೂ ಸಜ್ಜನಿಕೆ ಎಂದು ಗೊತ್ತಾದ ಮೇಲೆ ಕಣ್ಣು ಓದುವುದನ್ನು ಬಿಡುತ್ತದೆ. ಸಾಲದೆಂಬಂತೆ ಎರಡನೇ ಆಟದಲ್ಲಿ ಕೆಲವು ಮುಖ್ಯ ಮಾತುಗಳು ತೆರೆಯಬೇಕಾದರೆ ಹಿಂದಿನಿಂದಲೂ ಒಂದೇ ಗುಣವನ್ನು ಆರಿಸುತ್ತಾ ಬಂದಿರಬೇಕು. ಒಮ್ಮೆ ಕರುಣೆ, ಒಮ್ಮೆ ಕೋಪ, ಸಂದರ್ಭ ನೋಡಿ ನಡೆಯುವ ಸಹಜ ಮನುಷ್ಯರಿಗೆ ಅಲ್ಲಿ ನಷ್ಟ. ಹಾಗಾಗಿ ಜನ ಮಾತನ್ನು ಬಿಟ್ಟು ಸೌಜನ್ಯಕ್ಕೆ ಸಿಗುವ ನೀಲಿ ಇಲ್ಲವೇ ಒರಟುತನಕ್ಕೆ ಸಿಗುವ ಕೆಂಪು ಅಂಕಗಳನ್ನು ಕೂಡಿಡಲು ಹೊರಟರು. ಇದು ಸರಳತೆಯ ದೋಷವಲ್ಲ, ಸರಳವಾದದ್ದಕ್ಕೆ ಬಹುಮಾನ ಕಟ್ಟಿದ್ದರ ದೋಷ.

ಅದೇ ತಯಾರಕರು 2011ರ ಡ್ರ್ಯಾಗನ್ ಏಜ್ 2ರಲ್ಲಿ ಚಕ್ರವನ್ನು ಇಟ್ಟುಕೊಂಡೇ ಒಂದು ಜಾಣ ಕೆಲಸ ಮಾಡಿದರು. ಮಾತಿನ ಧಾಟಿಗೆ ಚಿತ್ರ ಕೊಟ್ಟರು: ಸಾಮಕ್ಕೆ ಆಲಿವ್ ರೆಂಬೆ, ಹಾಸ್ಯಕ್ಕೆ ನಗುವ ಮುಖವಾಡ, ಬಿರುಸಿಗೆ ಮುಷ್ಟಿ. ನೀವು ಹೆಚ್ಚಾಗಿ ಯಾವ ಧಾಟಿಯಲ್ಲಿ ಮಾತಾಡುತ್ತೀರೋ ಅದನ್ನು ಆಟ ನೆನಪಿಡುತ್ತದೆ. ಆಮೇಲೆ ನಾಯಕ ಹಾಕ್ ತಾನಾಗಿ ಆಡುವ ಸಣ್ಣಪುಟ್ಟ ಮಾತುಗಳೂ ಆ ಧಾಟಿಗೆ ತಿರುಗುತ್ತವೆ. ಇನ್ನೂ ಒಳ್ಳೆಯ ಉಪಾಯ ಅದೇ ವರ್ಷದ ಡ್ಯೂಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್ ಆಟದ್ದು. ಆಯ್ಕೆ ಒಂದು ಪದದ್ದೇ, ಆದರೆ ಅದರ ಮೇಲೆ ನಿಂತರೆ ಪಾತ್ರ ಆಡಲಿರುವ ಮಾತು ಪರದೆಯಲ್ಲಿ ಪೂರ್ತಿ ಕಾಣುತ್ತದೆ. ನೀವು ಪದ ನೋಡಿ ಒತ್ತಿ ಮುಂದುವರಿಯಿರಿ, ನಾನು ನಿಂತು ಓದುತ್ತೇನೆ, ಇಬ್ಬರಿಗೂ ನಷ್ಟವಿಲ್ಲ. ಇಷ್ಟು ಸುಲಭದ ದಾರಿ ಕಣ್ಣೆದುರು ಇದ್ದೂ ಆಮೇಲೆ ಬಂದವರಲ್ಲಿ ಹೆಚ್ಚಿನವರು ಅದನ್ನು ಎತ್ತಿಕೊಳ್ಳಲಿಲ್ಲವಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

2012ರ ಮಾಸ್ ಎಫೆಕ್ಟ್ 3 ಆರಂಭದಲ್ಲೇ ಮೂರು ಬಗೆ ಕೇಳುತ್ತದೆ. ಅದರಲ್ಲೊಂದು, ಮಾತುಕತೆಯನ್ನು ಆಟಕ್ಕೇ ಬಿಟ್ಟು ಕಾಳಗವನ್ನಷ್ಟೇ ಆಡುವುದು. ಕೆಲವರು ಅದನ್ನು ಜರೆದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ನೇರವಾಗಿ ಕೇಳಿ ಕೊಟ್ಟದ್ದು ಅದು. ರಾತ್ರಿಪಾಳಿಯಿಂದ ದಣಿದು ಬಂದವರಿಗೆ ಹಗುರವಾದದ್ದು ಸಿಗಲೇಬೇಕು. ಮಾತಿಗಾಗಿಯೇ ಬಂದವರಿಂದ ಮಾತನ್ನು ಕಸಿದುಕೊಂಡು ಅದನ್ನು ಕೊಡಬೇಕಾಗಿಲ್ಲ ಎಂಬುದಷ್ಟೇ ನನ್ನ ವಾದ.

ಪ್ರಶ್ನೆ: ಇಂಜಿನಿಯರಿಂಗ್ ಕೊನೆಯ ವರ್ಷದ ನಾವು ಮೂವರು ಗೆಳೆಯರು ಕನ್ನಡದಲ್ಲಿ ಒಂದು ಸಣ್ಣ ರೋಲ್ ಪ್ಲೇಯಿಂಗ್ ಆಟ ಮಾಡುತ್ತಿದ್ದೇವೆ. ಮೀನುಗಾರಿಕಾ ಬಂದರಿನಲ್ಲಿ ನಡೆಯುವ ಕಥೆ. ಕಂಟ್ರೋಲರಿನಲ್ಲೂ ಆಡುವಂತಿರಬೇಕು. ಸಂಭಾಷಣೆಗೆ ಎಷ್ಟು ಆಯ್ಕೆ ಇಡಬೇಕು?
— ವಿದ್ಯಾರ್ಥಿ, ಸುರತ್ಕಲ್

ಉತ್ತರ: ಕನ್ನಡದಲ್ಲಿ, ಅದೂ ಬಂದರಿನ ಕಥೆ! ಓದಿ ತುಂಬ ಸಂತೋಷವಾಯಿತು.

ಎಷ್ಟು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಡಿ. ಬೋಟಿನ ಮಾಲೀಕನ ಎದುರು ಸಂಬಳ ಕೇಳಲು ನಿಂತ ಹುಡುಗನಿಗೆ ಐದು ಬಗೆಯ ಮಾತು ಇರಬಹುದು, ಐಸ್ ತುಂಬುವವನ ಬಳಿ ಎರಡೇ ಸಾಕಾಗಬಹುದು. ಪ್ರತಿಯೊಂದನ್ನೂ ಪಾತ್ರ ಆಡುವಂತೆಯೇ ಪೂರ್ತಿ ಬರೆಯಿರಿ, ಬರೆದದ್ದನ್ನೇ ಪರದೆಯಲ್ಲಿ ತೋರಿಸಿ. ಆಮೇಲೆ ಎದುರಿನವನ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡು ಆಯ್ಕೆಗೆ ಒಂದೇ ಉತ್ತರ ಬರುವುದಾದರೆ ಒಂದನ್ನು ತೆಗೆಯಿರಿ, ಇಲ್ಲವೇ ಉತ್ತರವನ್ನು ಬೇರೆ ಮಾಡಿ. ಮುಖ್ಯವಾಗಿ, ‘ಬೇಡ’ ಎಂದರೆ ಬೇಡ ಎಂದೇ ಆಗಬೇಕು. ಆಟಗಾರ ನಿರಾಕರಿಸಿದ ಕೆಲಸವನ್ನು ಎರಡು ನಿಮಿಷ ಬಿಟ್ಟು ಇನ್ನೊಬ್ಬನ ಬಾಯಿಂದ ಮತ್ತೆ ಹೇರುವ ಆಟಗಳನ್ನು ಕಂಡು ನನಗೆ ರೋಸಿಹೋಗಿದೆ.

ಸೋಲುವ ಮಾತುಗಳನ್ನೂ ಬರೆಯಿರಿ, ಪ್ರೀತಿಯಿಂದ ಬರೆಯಿರಿ. 2019ರಲ್ಲಿ ಕಂಪ್ಯೂಟರಿಗೆ, 2021ರಲ್ಲಿ ಕನ್ಸೋಲಿಗೆ ಬಂದ ಡಿಸ್ಕೋ ಎಲಿಸಿಯಮ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ. ಅದರಲ್ಲಿ ನಾಯಕ ದಾಳ ಸೋತಾಗ ಬರುವ ಸಂಭಾಷಣೆ ಗೆದ್ದಾಗ ಬರುವುದಕ್ಕಿಂತ ಎಷ್ಟೋ ಕಡೆ ಹೆಚ್ಚು ರಸವತ್ತಾಗಿದೆ. ಆ ಆಟದಲ್ಲಿ ಕತ್ತಿ ಕಾಳಗ ಎಂಬುದೇ ಇಲ್ಲ, ಎಲ್ಲವೂ ಮಾತಿನಲ್ಲೇ ನಡೆಯುತ್ತದೆ. ಅದನ್ನು ಪ್ಲೇಸ್ಟೇಷನ್ ಕಂಟ್ರೋಲರ್ ಹಿಡಿದು ಸೋಫಾದಲ್ಲಿ ಕೂತು ಜನ ಆಡಿದರು.

ಕೈಕೆಲಸದ ಎರಡು ವಿಷಯ. ಮಾತನ್ನು ಮುಂದಕ್ಕೆ ಓಡಿಸುವ ಗುಂಡಿ, ಆಯ್ಕೆಯನ್ನು ಖಚಿತಪಡಿಸುವ ಗುಂಡಿ ಎರಡೂ ಒಂದೇ ಆಗಿದ್ದರೆ, ಬೇಗಬೇಗ ಒತ್ತುವವನು ಓದುವ ಮೊದಲೇ ಮೊದಲ ಆಯ್ಕೆಯನ್ನು ಆರಿಸಿಬಿಟ್ಟಿರುತ್ತಾನೆ. ಬೇರೆ ಗುಂಡಿ ಕೊಡಿ, ಅದಾಗದಿದ್ದರೆ ಪಟ್ಟಿ ಮೂಡಿದ ಮೇಲೆ ಅರೆಕ್ಷಣ ಯಾವ ಒತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪಟ್ಟಿ ತೆರೆದಾಗ ಯಾವ ಆಯ್ಕೆಯೂ ಮೊದಲೇ ಬೆಳಗಿರದಂತೆ ಮಾಡಿದರೆ ಇನ್ನೂ ಒಳ್ಳೆಯದು.

ಎರಡನೆಯದು ನಮ್ಮ ಲಿಪಿಯದ್ದು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಇಂಗ್ಲಿಷಿಗೆ ಲೆಕ್ಕ ಹಾಕಿದ ಸಾಲಿನ ಅಂತರ ಸಾಲುವುದಿಲ್ಲ. ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆದು ಪರೀಕ್ಷಿಸಿ. ಅಕ್ಷರಗಳು ಒಡೆದು ಬಿಡಿಬಿಡಿಯಾಗಿ ಕಂಡರೆ ನಿಮ್ಮ ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಭಾರತೀಯ ಲಿಪಿಗಳನ್ನು ಜೋಡಿಸುತ್ತಿಲ್ಲ ಎಂದರ್ಥ. ಗೋಡಾಟ್ 4 ಎಂಬ ಎಂಜಿನ್‌ನಲ್ಲಿ ಆ ಜೋಡಣೆಯ ಬೆಂಬಲ ಸೇರಿಕೊಂಡೇ ಬರುತ್ತದೆ. ಚಿತ್ರ, ನಕಾಶೆ ಯಾವುದೂ ಇಲ್ಲದೆ ಬರೀ ಸಂಭಾಷಣೆಯನ್ನು ಆಡಿ ನೋಡಲು ಟ್ವೈನ್ ಎಂಬ ಉಚಿತ ಸಾಧನ ಇದೆ. ಮೊದಲ ಅಧ್ಯಾಯವನ್ನು ಅದರಲ್ಲಿ ಕಟ್ಟಿ, ಬಂದರಿನಲ್ಲಿ ಕೆಲಸ ಮಾಡುವವರಿಗೇ ಓದಲು ಕೊಡಿ. “ನಾವು ಹೀಗೆ ಮಾತಾಡುವುದಿಲ್ಲ” ಎಂದು ಅವರು ತೋರಿಸಿದ ಸಾಲುಗಳನ್ನೆಲ್ಲ ತಿದ್ದಿ. ಮುಗಿದ ಮೇಲೆ ನನಗೂ ಕಳುಹಿಸಿ, ಕರಡು ತಿದ್ದಿಕೊಡುತ್ತೇನೆ.

ಪ್ರಶ್ನೆ: ಪೂರ್ತಿ ವಾಕ್ಯ ಇರಲಿ ಎನ್ನುತ್ತೀರಿ, ನನ್ನ ಟಿವಿಯಲ್ಲಿ ಅಕ್ಷರವೇ ಕಾಣುವುದಿಲ್ಲವಲ್ಲ!
— ಓದುಗ, ಮಲ್ಪೆ

ಉತ್ತರ: ಹೌದು, ಇದು ನಿಜವಾದ ಸಮಸ್ಯೆ. ಕಂಪ್ಯೂಟರನ್ನು ಮೊಣಕೈ ದೂರದಲ್ಲಿ ನೋಡುತ್ತೇವೆ, ಟಿವಿಯನ್ನು ಹತ್ತಡಿ ದೂರದಿಂದ. ತುಂಡು ಪದಗಳು ಹುಟ್ಟಿಕೊಳ್ಳಲು ಇದೂ ಒಂದು ಕಾರಣ. ಆದರೆ ಅಕ್ಷರ ಚಿಕ್ಕದಾದರೆ ದೊಡ್ಡದು ಮಾಡಬೇಕು, ವಾಕ್ಯವನ್ನು ಕತ್ತರಿಸುವುದಲ್ಲ. ವಿಚರ್ 3, 2019ರ ದಿ ಔಟರ್ ವರ್ಲ್ಡ್ಸ್ ಎರಡೂ ಸಣ್ಣ ಅಕ್ಷರಗಳಿಗಾಗಿ ಬೈಸಿಕೊಂಡು, ಬಿಡುಗಡೆಯ ನಂತರ ದೊಡ್ಡ ಅಕ್ಷರದ ಸೌಲಭ್ಯ ಕೊಟ್ಟವು. ಆದ್ದರಿಂದ ಹಳೆಯ ಡಿಸ್ಕ್ ಹಾಕಿದ ಕೂಡಲೇ ಆಡಲು ಕೂರದೆ ಅಪ್‌ಡೇಟ್ ಇಳಿಸಿಕೊಳ್ಳಿ, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಪ್ಲೇಸ್ಟೇಷನ್ 5ರ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಪರದೆಯನ್ನೇ ಹಿಗ್ಗಿಸುವ ಸೌಲಭ್ಯವೂ ಇದೆ.

ಪ್ರಶ್ನೆ: ಬಾಲ್ಡರ್ಸ್ ಗೇಟ್ 3 ಕಂಪ್ಯೂಟರಿನ ಆಟ, ಪ್ಲೇಸ್ಟೇಷನ್‌ನಲ್ಲಿ ಆಡಿದರೆ ಮಾತುಕತೆ ಮೊಟಕಾಗುತ್ತದೆ ಎಂದು ಕೇಳಿದೆ. ತಂಗಿಯ ಜೊತೆ ಆಡಬೇಕೆಂದಿದ್ದೇನೆ. ಇಬ್ಬರೂ ಪದವಿ ಮುಗಿಸಿದವರು.
— ಓದುಗಳು, ಕದ್ರಿ, ಮಂಗಳೂರು

ಉತ್ತರ: ಯಾರೋ ತಪ್ಪು ಹೇಳಿದ್ದಾರೆ. 2023ರ ಸೆಪ್ಟೆಂಬರ್ 6ರಂದು ಅದು ಪ್ಲೇಸ್ಟೇಷನ್ 5ಕ್ಕೆ ಬಂತು. ಮೇಲೆ ಹೇಳಿದ ಸ್ಟಾರ್‌ಫೀಲ್ಡ್ ಬಿಡುಗಡೆಯಾದದ್ದೂ ಅದೇ ದಿನ, ಎರಡರಲ್ಲೂ ಪೂರ್ತಿ ವಾಕ್ಯಗಳ ಪಟ್ಟಿ. ಬಾಲ್ಡರ್ಸ್ ಗೇಟ್‌ನ ಒಂದು ಸಾಲೂ ಕನ್ಸೋಲಿಗೆಂದು ಕಡಿಮೆಯಾಗಿಲ್ಲ. ನಿಮ್ಮ ಪಾತ್ರದ ಕುಲ, ಕಸುಬಿಗೆ ತಕ್ಕ ಹೆಚ್ಚುವರಿ ಮಾತುಗಳು ಬರುತ್ತವೆ, ಪ್ರಾಣಿಗಳೊಡನೆ ಮಾತಾಡುವ ಮದ್ದು ಕುಡಿದರೆ ಎತ್ತು, ನಾಯಿ, ಅಳಿಲುಗಳೂ ಉತ್ತರ ಕೊಡುತ್ತವೆ. ಪರದೆಯನ್ನು ಇಬ್ಭಾಗ ಮಾಡಿ ಇಬ್ಬರೂ ಒಂದೇ ಟಿವಿಯಲ್ಲಿ ಆಡಬಹುದು. ಮಾತು ಶುರು ಮಾಡಿದವರ ಕೈಯಲ್ಲಿ ಆಯ್ಕೆ ಇರುತ್ತದೆ, ಇನ್ನೊಬ್ಬರು ಕೇಳುತ್ತಾ ತಮಗೆ ಯಾವುದು ಇಷ್ಟ ಎಂದು ಪರದೆಯಲ್ಲೇ ಸೂಚಿಸಬಹುದು. ಹಾಗಾಗಿ ಊರಿನ ಹಿರಿಯರನ್ನು ಮಾತಾಡಿಸಲು ಯಾರು ಮುಂದೆ ಹೋಗುವುದು, ಕಳ್ಳರ ಜೊತೆ ಯಾರು ಎಂದು ತಂಗಿಯೊಡನೆ ಮೊದಲೇ ಹಂಚಿಕೊಳ್ಳಿ.